ಫೈನಲ್ ಪಂದ್ಯದ ಬಾಕಿ ಲೆಕ್ಕ

ಕಳೆದ ಡಿಸೆಂಬರ್‌ನಲ್ಲಿ ನಡೆದ ನಮ್ಮ ಕಾಲೇಜಿನ ಅಂತರ ವಿಭಾಗ ಫುಟ್‌ಬಾಲ್ ಫೈನಲ್ ನಿಮ್ಮಲ್ಲಿ ತುಂಬಾ ಜನರಿಗೆ ನೆನಪಿರಬಹುದು. ವಾಣಿಜ್ಯ ವಿಭಾಗ 1, ವಿಜ್ಞಾನ ವಿಭಾಗ 0. ನೋಟಿಸ್ ಬೋರ್ಡಿನಲ್ಲಿ ಹಾಗೇ ಬರೆದಿದ್ದರು. ಟ್ರೋಫಿ ಈಗಲೂ ಪ್ರಾಂಶುಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿದೆ. ಆದರೆ ಆ ಲೆಕ್ಕದಲ್ಲಿ ಒಂದು ತಪ್ಪಿದೆ. ತಪ್ಪು ಮಾಡಿದವನು ನಾನು, ಆದ್ದರಿಂದ ತಿದ್ದಬೇಕಾದವನೂ ನಾನೇ.

ಆ ದಿನ ಅಸರ್ ನಮಾಜ್ ಮುಗಿದ ಮೇಲೆ ಆಟ ಶುರುವಾಗಿತ್ತು. ಮಗ್ರಿಬ್ ಅಜಾನ್‌ಗೆ ಮೊದಲು ಮುಗಿಸಬೇಕು ಎಂದು ಪಿ.ಟಿ. ಸರ್ ಗಡಿಯಾರ ನೋಡುತ್ತಲೇ ಇದ್ದರು. ಮೊದಲರ್ಧದಲ್ಲೇ ನಾವು ಒಂದು ಗೋಲ್ ಹೊಡೆದಿದ್ದೆವು. ಕೊನೆಯ ನಿಮಿಷದಲ್ಲಿ ವಿಜ್ಞಾನ ವಿಭಾಗಕ್ಕೆ ಕಾರ್ನರ್ ಸಿಕ್ಕಿತು. ನಾನು ಎಡಗಂಬದ ಪಕ್ಕ ಗೋಲ್ ಗೆರೆಯ ಮೇಲೆ ನಿಂತಿದ್ದೆ. ಚೆಂಡು ಮೇಲಿನಿಂದ ಬಂತು, ಅವರ ಸ್ಟ್ರೈಕರ್ ಎಲ್ಲರಿಗಿಂತ ಎತ್ತರಕ್ಕೆ ನೆಗೆದು ಹೆಡ್ ಮಾಡಿದ. ನಮ್ಮ ಗೋಲ್‌ಕೀಪರ್ ಆಗಲೇ ಮುಂದಕ್ಕೆ ಓಡಿಬಿಟ್ಟಿದ್ದ. ಚೆಂಡು ನೇರವಾಗಿ ನನ್ನ ತಲೆಯ ಮೇಲಿಂದ ಒಳಗೆ ಹೋಗುತ್ತಿತ್ತು. ನಾನು ಎರಡೂ ಕೈ ಎತ್ತಿ ತಡೆದೆ.

ಸೀಟಿ ಊದಿತು. ಪಿ.ಟಿ. ಸರ್ ಜೇಬಿನಿಂದ ಕೆಂಪು ಕಾರ್ಡ್ ತೆಗೆದರು. ಯಾವುದೋ ಹಳೆಯ ಫೈಲಿನ ರಟ್ಟು ಕತ್ತರಿಸಿ ಮಾಡಿದ ಕಾರ್ಡ್ ಅದು. ನಾನು ಹೊರಗೆ ನಡೆದೆ. ಹೆಡ್ ಮಾಡಿದ ಹುಡುಗನೇ ಪೆನಾಲ್ಟಿ ಹೊಡೆಯಲು ಬಂದ. ಚೆಂಡು ಗೋಲಿನ ಮೇಲಿಂದ ಹಾರಿ ಕಾಂಪೌಂಡ್ ಆಚೆ ಬಿತ್ತು. ಅದನ್ನು ತರುವ ಮೊದಲೇ ಸರ್ ಕೊನೆಯ ಸೀಟಿ ಊದಿದರು. ನನ್ನ ಗೆಳೆಯರು ನನ್ನನ್ನು ಹೆಗಲ ಮೇಲೆ ಹೊತ್ತು ಕ್ಯಾಂಟೀನ್‌ವರೆಗೆ ಮೆರವಣಿಗೆ ಮಾಡಿದರು. ಅವತ್ತಿನಿಂದ ನನ್ನ ಅಡ್ಡಹೆಸರು ಸುವಾರೆಜ್.

ಆ ಹೆಸರು ಯಾಕೆ ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಲೂಯಿಸ್ ಸುವಾರೆಜ್ ಎಂದರೆ ಬಾರ್ಸಿಲೋನಾದಲ್ಲಿ ಮೆಸ್ಸಿಯ ಜೊತೆ ಆಡಿದವನು ಎಂದಷ್ಟೇ ತಿಳಿದಿತ್ತು. ರಾತ್ರಿ ಅಬ್ಬಾ ಅವರ ಮೊಬೈಲಿನಲ್ಲಿ ಹುಡುಕಿ ನೋಡಿದೆ. 2010ರ ಜುಲೈ 2, ಜೋಹಾನ್ಸ್‌ಬರ್ಗ್‌ನ ಸಾಕರ್ ಸಿಟಿ ಕ್ರೀಡಾಂಗಣ, ವಿಶ್ವಕಪ್ ಕ್ವಾರ್ಟರ್ ಫೈನಲ್, ಉರುಗ್ವೆ ಮತ್ತು ಘಾನಾ. ಆಗ ನನಗೆ ನಡೆಯಲೂ ಸರಿಯಾಗಿ ಬರುತ್ತಿರಲಿಲ್ಲ.

ಆಫ್ರಿಕಾ ಖಂಡದಲ್ಲಿ ನಡೆದ ಮೊದಲ ವಿಶ್ವಕಪ್ ಅದು. ಕ್ವಾರ್ಟರ್ ಫೈನಲ್‌ವರೆಗೆ ಉಳಿದ ಆಫ್ರಿಕಾದ ತಂಡ ಘಾನಾ ಒಂದೇ. ಅದಕ್ಕೆ ಮೊದಲು 1990ರಲ್ಲಿ ಕ್ಯಾಮರೂನ್, 2002ರಲ್ಲಿ ಸೆನೆಗಲ್ ಅಲ್ಲಿಯವರೆಗೆ ಬಂದು ಸೋತಿದ್ದವು. ಸೆಮಿಫೈನಲ್ ತಲುಪಿದ ಆಫ್ರಿಕಾದ ತಂಡ ಒಂದೂ ಇರಲಿಲ್ಲ. ಆ ದಿನ ಮುಂಟಾರಿ ಬಹಳ ದೂರದಿಂದ ಹೊಡೆದ ಗೋಲಿನಿಂದ ಘಾನಾ ಮುಂದಾಯಿತು, ಫೋರ್ಲಾನ್ ಫ್ರೀ ಕಿಕ್‌ನಿಂದ ಸಮ ಮಾಡಿದ. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಘಾನಾದ ಒಂದು ಹೊಡೆತವನ್ನು ಸುವಾರೆಜ್ ಗೆರೆಯ ಮೇಲೆ ನಿಂತು ಕಾಲಿನಿಂದ ತಡೆದ. ಚೆಂಡು ಮತ್ತೆ ಮೇಲಕ್ಕೆದ್ದಿತು, ಅಡಿಯಾ ಹೆಡ್ ಮಾಡಿದ. ಈ ಸಲ ಸುವಾರೆಜ್ ಎರಡೂ ಕೈ ಒಡ್ಡಿ ತಳ್ಳಿದ. ಕೆಂಪು ಕಾರ್ಡ್, ಪೆನಾಲ್ಟಿ. ಅದೇ ಟೂರ್ನಿಯಲ್ಲಿ ಎರಡು ಪೆನಾಲ್ಟಿ ಗೋಲ್ ಹೊಡೆದಿದ್ದ ಅಸಮೋವಾ ಗ್ಯಾನ್ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಆಚೆ ಹೋಯಿತು. ಅಳುತ್ತಾ ಹೊರಗೆ ಹೋಗುತ್ತಿದ್ದ ಸುವಾರೆಜ್ ಅದನ್ನು ನೋಡಿ ಕುಣಿದ. ಆಮೇಲಿನ ಶೂಟೌಟ್‌ನಲ್ಲಿ ಉರುಗ್ವೆ 4-2ರಿಂದ ಗೆದ್ದಿತು.

ನಾನು ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಮೊದಮೊದಲು ಸುವಾರೆಜ್‌ನನ್ನು ನೋಡುತ್ತಿದ್ದೆ. ಆಮೇಲೆ ಗ್ಯಾನ್‌ನನ್ನು ನೋಡತೊಡಗಿದೆ. ಪೆನಾಲ್ಟಿ ತಪ್ಪಿಸಿ ಕೆಲವೇ ನಿಮಿಷಗಳಾದ ಮೇಲೆ ಶೂಟೌಟ್‌ನಲ್ಲಿ ಘಾನಾ ಪರವಾಗಿ ಮೊದಲ ಕಿಕ್ ಹೊಡೆಯಲು ಬಂದವನು ಅವನೇ. ಅದನ್ನು ಗೋಲ್ ಮಾಡಿದ. ಆದರೂ ಆ ಪಂದ್ಯದ ಮಾತು ಬಂದರೆ ಜನ ಹೇಳುವುದು ಅವನು ತಪ್ಪಿಸಿದ ಪೆನಾಲ್ಟಿಯ ಬಗ್ಗೆ.

ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ಮೂವತ್ತು ವರ್ಷ ಒಬ್ಬ ವಕೀಲರ ಹತ್ತಿರ ಗುಮಾಸ್ತರಾಗಿದ್ದವರು. ಅವರಿಗೆ ಫುಟ್‌ಬಾಲ್ ಗೊತ್ತಿಲ್ಲ, ಕೋರ್ಟು ಗೊತ್ತು. ನಾನು ಮತ್ತೆ ಮತ್ತೆ ಒಂದೇ ವಿಡಿಯೋ ನೋಡುವುದನ್ನು ಕಂಡು ಏನದು ಎಂದು ಕೇಳಿದರು. ಘಾನಾದ ಕಥೆ ಹೇಳಿದೆ. ನನ್ನ ಕಥೆ ಹೇಳಲಿಲ್ಲ.

"ಕೈ ಹಾಕಿದವನಿಗೆ ಏನಾಯಿತು ಬೇಟಾ?" ಎಂದರು.

"ಹೊರಗೆ ಕಳಿಸಿದರು ನಾನಾ. ಮುಂದಿನ ಮ್ಯಾಚ್ ಆಡುವ ಹಾಗಿಲ್ಲ."

"ಅದು ಜುರ್ಮಾನಾ. ಕಳೆದುಕೊಂಡವರಿಗೆ ಏನು ಸಿಕ್ಕಿತು?"

"ಪೆನಾಲ್ಟಿ."

"ಅಂದರೆ ಗೋಲಾ?"

"ಗೋಲ್ ಅಲ್ಲ. ಗೋಲ್ ಹೊಡೆಯಲು ಒಂದು ಅವಕಾಶ."

ನಾನಾ ನಕ್ಕರು. "ಹಸು ಕದ್ದವನು ಹಸು ವಾಪಸು ಕೊಡುವ ಬದಲು, ಹಸು ಗೆಲ್ಲಬಹುದಾದ ಲಾಟರಿ ಚೀಟಿ ಕೊಟ್ಟ ಹಾಗಾಯಿತು" ಎಂದರು. ನಂತರ ಜುರ್ಮಾನಾ ಬೇರೆ, ಹರ್ಜಾನಾ ಬೇರೆ ಎಂದು ವಿವರಿಸಿದರು. ನಾವು ಕನ್ನಡದಲ್ಲಿ ಜುಲ್ಮಾನೆ ಎನ್ನುತ್ತೇವಲ್ಲ, ಅದು ನಮ್ಮ ಮನೆಯ ಉರ್ದುವಿನ ಜುರ್ಮಾನಾ ಶಬ್ದವೇ. ತಪ್ಪು ಮಾಡಿದವನು ಕಟ್ಟುವುದು ಜುರ್ಮಾನಾ, ಅದು ಸರ್ಕಾರದ ಖಜಾನೆಗೆ ಹೋಗುತ್ತದೆ. ನಷ್ಟವಾದವನ ಕೈಗೆ ಬಂದು ಸೇರುವುದು ಹರ್ಜಾನಾ. ಕೋರ್ಟಿಗೆ ಬರುತ್ತಿದ್ದ ಬಡವರು ತಮ್ಮ ಎದುರಾಳಿಗೆ ಜುಲ್ಮಾನೆ ಬಿದ್ದಾಗ ಸಂತೋಷಪಟ್ಟು, ಆಮೇಲೆ ಖಾಲಿ ಕೈಯಲ್ಲಿ ಮನೆಗೆ ಹೋಗುತ್ತಿದ್ದರಂತೆ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಇದು ಕೂಡಲೇ ಅರ್ಥವಾಯಿತು. ಯಾರ ಖಾತೆಗೆ ಡೆಬಿಟ್, ಯಾರ ಖಾತೆಗೆ ಕ್ರೆಡಿಟ್ ಎಂದು ಕೇಳುವುದನ್ನು ನಮಗೆ ಮೊದಲ ದಿನವೇ ಕಲಿಸುತ್ತಾರೆ. ಈ ಪಂದ್ಯಕ್ಕೆ ಆ ಲೆಕ್ಕ ಹಾಕಿ ನೋಡೋಣ.

ದೊಡ್ಡ ಮಟ್ಟದ ಫುಟ್‌ಬಾಲ್‌ನಲ್ಲಿ ಸುಮಾರು ನಾಲ್ಕು ಪೆನಾಲ್ಟಿಗಳಲ್ಲಿ ಮೂರು ಗೋಲಾಗುತ್ತವೆ. ಅಂದರೆ ಒಂದು ರೂಪಾಯಿ ಕಸಿದುಕೊಂಡು ಮುಕ್ಕಾಲು ರೂಪಾಯಿ ವಾಪಸು ಕೊಟ್ಟ ಹಾಗೆ. ಉಳಿದ ನಾಲ್ಕಾಣೆಯನ್ನು ಕೆಂಪು ಕಾರ್ಡ್ ತುಂಬಿಕೊಡುತ್ತದೆ ಎಂದು ಕೆಲವರು ಹೇಳಬಹುದು. ಎದುರಾಳಿ ಹತ್ತೇ ಜನರಾದರೆ ಲಾಭವೇ ತಾನೇ? ಹೌದು, ಆದರೆ ಸಮಯ ಉಳಿದಿದ್ದರೆ ಮಾತ್ರ. ಸುವಾರೆಜ್ ಹೊರಗೆ ಹೋದಾಗ ಉಳಿದಿದ್ದು ಆ ಒಂದು ಕಿಕ್ ಮಾತ್ರ. ಮುಂದಿನ ಪಂದ್ಯದ ನಿಷೇಧವೂ ಇತ್ತು. ಅವನಿಲ್ಲದ ಉರುಗ್ವೆ ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ಎದುರು 3-2ರಿಂದ ಸೋತಿತು. ಆ ಶಿಕ್ಷೆಯಿಂದ ಲಾಭವಾಗಿದ್ದರೆ ಅದು ನೆದರ್ಲೆಂಡ್ಸ್‌ಗೆ. ಘಾನಾ ಆ ಹೊತ್ತಿಗೆ ಟೂರ್ನಿಯಿಂದಲೇ ಹೊರಗಿತ್ತು. ನಾನಾ ಹೇಳಿದ್ದು ಇದನ್ನೇ: ಜುರ್ಮಾನಾ ಕಟ್ಟಿದ್ದಾಯಿತು, ಹರ್ಜಾನಾ ಬರಲಿಲ್ಲ.

ಇದೇ ಕಾರ್ಡ್ ಬೇರೆ ಹೊತ್ತಿನಲ್ಲಿ ಬಂದರೆ ಅದರ ಬೆಲೆ ಎಷ್ಟು ಬೇರೆ ನೋಡಿ. 2006ರ ಮೇ 17ರಂದು ಪ್ಯಾರಿಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ನಡೆಯಿತು, ಬಾರ್ಸಿಲೋನಾ ಮತ್ತು ಆರ್ಸೆನಲ್ ನಡುವೆ. 18ನೇ ನಿಮಿಷದಲ್ಲಿ ಆರ್ಸೆನಲ್ ಗೋಲ್‌ಕೀಪರ್ ಯೆನ್ಸ್ ಲೆಹ್ಮನ್ ಪೆನಾಲ್ಟಿ ಆವರಣದ ಹೊರಗೆ ಬಂದು ಎಟೋನನ್ನು ಕೆಡವಿದ. ಚೆಂಡು ಜ್ಯೂಲಿಯ ಕಾಲಿಗೆ ಸಿಕ್ಕಿ ಗೋಲಿನೊಳಗೂ ಹೋಯಿತು. ಆದರೆ ರೆಫರಿ ಅಷ್ಟರಲ್ಲೇ ಸೀಟಿ ಊದಿಬಿಟ್ಟಿದ್ದರು. ಗೋಲ್ ರದ್ದಾಯಿತು, ಬಾರ್ಸಿಲೋನಾಗೆ ಫ್ರೀ ಕಿಕ್ ಸಿಕ್ಕಿತು, ಲೆಹ್ಮನ್‌ಗೆ ಕೆಂಪು ಕಾರ್ಡ್. ಬೇರೆ ಗೋಲ್‌ಕೀಪರ್ ಬರಬೇಕಾದ್ದರಿಂದ ಯಾವ ತಪ್ಪೂ ಮಾಡದ ಪಿರೆಸ್ ಹೊರಗೆ ಕೂರಬೇಕಾಯಿತು. ಉಳಿದ 72 ನಿಮಿಷ ಆರ್ಸೆನಲ್ ಹತ್ತು ಜನರೊಂದಿಗೆ ಆಡಿತು. ಅಷ್ಟರಲ್ಲೂ ಒಂದು ಗೋಲ್ ಹೊಡೆದು ಮುಂದಿತ್ತು. ಕೊನೆಯ ಕಾಲು ಗಂಟೆಯಲ್ಲಿ ದಣಿದು ಎರಡು ಗೋಲ್ ಬಿಟ್ಟುಕೊಟ್ಟು ಸೋತಿತು. ಅತ್ತ ಬಾರ್ಸಿಲೋನಾಗೂ ಒಂದು ಗೋಲ್ ಹೋಯಿತು, ಇತ್ತ ಆರ್ಸೆನಲ್‌ಗೂ ಆಟ ಹೋಯಿತು. ಒಂದೇ ಬಣ್ಣದ ಕಾರ್ಡ್. ಒಬ್ಬನ ತಂಡಕ್ಕೆ 72 ನಿಮಿಷದ ಶಿಕ್ಷೆ, ಇನ್ನೊಬ್ಬನ ತಂಡಕ್ಕೆ ಒಂದು ಕಿಕ್‌ನಷ್ಟು.

ನಿಯಮ ಮಾಡುವವರಿಗೆ ಇದು ತಿಳಿಯದೆ ಇಲ್ಲ. ಮೊದಲು ಪೆನಾಲ್ಟಿ ಎನ್ನುವುದೇ ಇರಲಿಲ್ಲ. ಅದನ್ನು ಸೂಚಿಸಿದವರು ಐರ್ಲೆಂಡಿನ ಮಿಲ್‌ಫರ್ಡ್ ಎಂಬ ಹಳ್ಳಿಯ ವಿಲಿಯಂ ಮೆಕ್ರಮ್. ತಮಾಷೆಯೆಂದರೆ ಅವರು ಸ್ವತಃ ಗೋಲ್‌ಕೀಪರ್! ಸಭ್ಯ ಆಟಗಾರರು ಬೇಕಂತಲೇ ತಪ್ಪು ಮಾಡುತ್ತಾರೆಂದು ನಂಬುವುದೇ ಅವಮಾನ ಎಂದು ಹಲವರು ವಿರೋಧಿಸಿದರು. 1891ರ ಫೆಬ್ರವರಿಯಲ್ಲಿ ನಾಟ್ಸ್ ಕೌಂಟಿ ಮತ್ತು ಸ್ಟೋಕ್ ನಡುವಿನ ಎಫ್.ಎ. ಕಪ್ ಪಂದ್ಯದಲ್ಲಿ ನಾಟ್ಸ್ ಕೌಂಟಿಯ ಆಟಗಾರನೊಬ್ಬ ಗೆರೆಯ ಮೇಲೆ ನಿಂತು ಕೈಯಿಂದ ಗೋಲ್ ತಡೆದ. ಸ್ಟೋಕ್‌ಗೆ ಸಿಕ್ಕಿದ್ದು ಗೋಲ್ ಬಾಯಿಯ ಹತ್ತಿರವೇ ಒಂದು ಫ್ರೀ ಕಿಕ್. ಗೋಲ್‌ಕೀಪರ್ ಚೆಂಡಿನ ಎದುರಿಗೇ ನಿಂತು ಅದನ್ನು ತಡೆದ, ಸ್ಟೋಕ್ 1-0ಯಿಂದ ಸೋತಿತು. ಅದೇ ವರ್ಷದ ಜೂನ್‌ನಲ್ಲಿ ಪೆನಾಲ್ಟಿ ನಿಯಮ ಜಾರಿಗೆ ಬಂತು. ಅಂದರೆ ನನ್ನಂಥವರ ಕೈಗಳೇ ಈ ನಿಯಮಕ್ಕೆ ಒಂದು ಕಾರಣ.

2016ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಅದಕ್ಕೆ ಮೊದಲು ಪೆನಾಲ್ಟಿ ಆವರಣದಲ್ಲಿ ಖಚಿತ ಗೋಲ್ ಅವಕಾಶ ತಪ್ಪಿಸಿದರೆ ಪೆನಾಲ್ಟಿ, ಕೆಂಪು ಕಾರ್ಡ್, ಮುಂದಿನ ಪಂದ್ಯಕ್ಕೆ ನಿಷೇಧ, ಹೀಗೆ ಮೂರು ಶಿಕ್ಷೆ ಒಟ್ಟಿಗೆ ಬೀಳುತ್ತಿದ್ದವು. ಈಗ ಆಟಗಾರ ನಿಜವಾಗಿ ಚೆಂಡಿಗಾಗಿಯೇ ಪ್ರಯತ್ನಿಸಿ ತಪ್ಪಾಗಿದ್ದರೆ ಹಳದಿ ಕಾರ್ಡ್ ಸಾಕು. ಕಿತ್ತುಕೊಂಡಿದ್ದು ಒಂದು ಅವಕಾಶ, ಪೆನಾಲ್ಟಿ ಆ ಅವಕಾಶವನ್ನು ವಾಪಸು ಕೊಡುತ್ತದೆ ಎಂಬುದು ಇದರ ಹಿಂದಿನ ಯೋಚನೆ. 2024ರಿಂದ ಉದ್ದೇಶವಿಲ್ಲದೆ ಕೈಗೆ ತಗುಲಿ ಪೆನಾಲ್ಟಿಯಾದರೂ ಹಳದಿಯೇ. ಇವೆರಡೂ ನ್ಯಾಯವಾದ ಬದಲಾವಣೆಗಳೆಂದು ನನಗೆ ಅನಿಸುತ್ತದೆ. ಆದರೆ ಗೆರೆಯ ಮೇಲೆ ಬೇಕಂತಲೇ ಕೈ ಹಾಕಿದವನು ಕಿತ್ತುಕೊಳ್ಳುವುದು ಅವಕಾಶವನ್ನಲ್ಲ, ಆಗಿಹೋದ ಗೋಲನ್ನು. ಅದಕ್ಕೂ ವಾಪಸು ಸಿಗುವುದು ಅವಕಾಶ ಮಾತ್ರ.

ಬೇರೆ ಆಟಗಳಲ್ಲಿ ಹೀಗಿಲ್ಲ. ರಗ್ಬಿಯಲ್ಲಿ ತಪ್ಪಾಟದಿಂದ ಟ್ರೈ ತಪ್ಪಿಹೋದರೆ ರೆಫರಿ ಪೆನಾಲ್ಟಿ ಟ್ರೈ ಎಂದು ಅಂಕಗಳನ್ನೇ ಕೊಡುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ಎದುರಾಳಿ ತಡೆದರೆ ಅದು ಬುಟ್ಟಿಗೆ ಬಿದ್ದಂತೆಯೇ ಲೆಕ್ಕ. ನಮ್ಮ ಕ್ರಿಕೆಟ್‌ನಲ್ಲೂ ಕೀಪರ್ ಹಿಂದೆ ಇಟ್ಟ ಹೆಲ್ಮೆಟ್‌ಗೆ ಚೆಂಡು ತಗುಲಿದರೆ 5 ರನ್ ನೇರವಾಗಿ ಖಾತೆಗೆ ಬರುತ್ತದೆ. ಫುಟ್‌ಬಾಲ್‌ನಲ್ಲೂ ಇಂಥ ಕೈಗೆ ಗೋಲನ್ನೇ ಕೊಡಬೇಕೆಂದು ನಾನು ಪಿ.ಟಿ. ಸರ್ ಹತ್ತಿರ ವಾದಿಸಿದೆ.

ಅವರು ಒಪ್ಪಲಿಲ್ಲ. "ಚೆಂಡು ಒಳಗೇ ಹೋಗುತ್ತಿತ್ತು ಅಂತ ಹೇಳುವವರು ಯಾರು? ಕಂಬಕ್ಕೆ ಬಡಿಯುತ್ತಿತ್ತೋ ಏನೋ. ರೆಫರಿ ಕಣ್ಣಿಂದ ನೋಡಿದ್ದನ್ನು ತೀರ್ಪು ಕೊಡಬಹುದು, ಆಗದೇ ಇದ್ದದ್ದನ್ನು ಹೇಗೆ ಕೊಡೋದು? ಫುಟ್‌ಬಾಲ್‌ನಲ್ಲಿ ಗೋಲ್ ಹೊಡೆಯಬೇಕು, ಯಾರೂ ದಾನ ಕೊಡೋದಿಲ್ಲ" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಹತ್ತು ಮೀಟರ್ ದೂರದ ಕೈಯ ಬಗ್ಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಗೆರೆಯ ಮೇಲೆ, ಹಿಂದೆ ಬಲೆ ಮಾತ್ರ ಇರುವಾಗ, ಎರಡು ಕೈಯಿಂದ ತಡೆದದ್ದು ಎಲ್ಲಿಗೆ ಹೋಗುತ್ತಿತ್ತು ಎಂಬುದರಲ್ಲಿ ಏನು ಸಂಶಯ? ಇನ್ನು ಕೆಲವರು, ಸುವಾರೆಜ್ ನಿಯಮದಲ್ಲಿ ಇರುವ ಶಿಕ್ಷೆಯನ್ನು ಅನುಭವಿಸಿದ, ಇನ್ನೇನು ಬೇಕು ಎನ್ನುತ್ತಾರೆ. 2022ರ ವಿಶ್ವಕಪ್‌ನಲ್ಲಿ ಅದೇ ಎರಡು ತಂಡಗಳು ಕತಾರ್‌ನಲ್ಲಿ ಮತ್ತೆ ಎದುರಾದಾಗ ಅವನೂ ಹೀಗೇ ಹೇಳಿದ. ಪೆನಾಲ್ಟಿ ತಪ್ಪಿಸಿದವನು ಘಾನಾದ ಆಟಗಾರ, ನಾನೇಕೆ ಕ್ಷಮೆ ಕೇಳಲಿ ಎಂಬರ್ಥದಲ್ಲಿ. ಆ ಪಂದ್ಯದಲ್ಲೂ ಘಾನಾ ಒಂದು ಪೆನಾಲ್ಟಿ ತಪ್ಪಿಸಿ ಸೋತಿತು. ಗೆದ್ದರೂ ಉರುಗ್ವೆ ಕೂಡ ಮನೆಗೆ ಹೋಯಿತು. ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕಾ ತಂಡ ಎಂಬ ಹೆಸರು ಆ ವರ್ಷ ಮೊರಾಕ್ಕೋಗೆ ಸಿಕ್ಕಿತು, ಹನ್ನೆರಡು ವರ್ಷ ತಡವಾಗಿ.

ಇಲ್ಲಿಯವರೆಗೆ ಸುವಾರೆಜ್ ಲೆಕ್ಕ ಬರೆದೆ. ಈಗ ನನ್ನದು.

ಪಂದ್ಯ ಮುಗಿದ ಮೇಲೆ ಯಾರು ಕೇಳಿದರೂ "ಗೊತ್ತಾಗಲಿಲ್ಲ, ಕೈ ತಾನಾಗಿ ಹೋಯಿತು" ಎಂದು ಹೇಳುತ್ತಿದ್ದೆ. ಅದು ಸುಳ್ಳು. ಸುವಾರೆಜ್‌ಗೆ ಯೋಚಿಸಲು ಅರ್ಧ ಕ್ಷಣವೂ ಇರಲಿಲ್ಲ. ನನಗೆ ಇತ್ತು. ಅವರು ಕಾರ್ನರ್‌ಗೆ ಚೆಂಡು ಇಡುತ್ತಿದ್ದಾಗಲೇ ಲೆಕ್ಕ ಹಾಕಿದ್ದೆ. ಇದು ಕೊನೆಯ ನಿಮಿಷ, ಕಾರ್ಡ್ ಬಂದರೂ ತಂಡಕ್ಕೆ ನಷ್ಟವಿಲ್ಲ. ಇದು ಫೈನಲ್, ನಿಷೇಧಿಸಲು ಮುಂದಿನ ಪಂದ್ಯವೂ ಇಲ್ಲ. ಚೆಂಡು ತಲೆಗೆ ಸಿಗದಿದ್ದರೆ ಕೈ ಹಾಕುವುದೇ ಲಾಭ. ಪರೀಕ್ಷೆಯಲ್ಲಿ ಇಷ್ಟು ಬೇಗ ನಾನು ಯಾವ ಲೆಕ್ಕವನ್ನೂ ಬಿಡಿಸಿಲ್ಲ.

ಆ ಸ್ಟ್ರೈಕರ್ ನಮ್ಮ ಬೀದಿಯವನೇ. ಏಳನೇ ತರಗತಿಯಿಂದ ಒಂದೇ ಬಸ್ಸಿನಲ್ಲಿ ಬರುವವರು ನಾವು. ಅವನ ಮನೆಮಾತು ಕನ್ನಡ, ನನ್ನ ಕನ್ನಡದ ಒತ್ತಕ್ಷರಗಳನ್ನು ತಿದ್ದಿದವನು ಅವನು. ಫೈನಲ್ ಆದ ಮೇಲೆ ಅವನಿಗೂ ಒಂದು ಅಡ್ಡಹೆಸರು ಬಿತ್ತು, ಕಾಂಪೌಂಡ್. ಕಾರಿಡಾರ್‌ನಲ್ಲಿ ಅವನು ನಡೆದರೆ ಯಾರಾದರೂ "ಚೆಂಡು ಸಿಕ್ಕಿತಾ?" ಎನ್ನುತ್ತಿದ್ದರು. ನಾನೂ ಎರಡು ಸಲ ನಕ್ಕಿದ್ದೇನೆ. ಬಸ್ಸಿನಲ್ಲಿ ಅವನು ಮುಂದಿನ ಸೀಟಿಗೆ ಹೋಗಿ ಕೂರತೊಡಗಿದ. ಈ ವರ್ಷ ಕಾಲೇಜು ತಂಡದ ಆಯ್ಕೆಗೆ ಪಿ.ಟಿ. ಸರ್ ಹೆಸರು ಕೇಳಿ ಪಟ್ಟಿ ಹಾಕಿದಾಗ ಅದರಲ್ಲಿ ಅವನ ಹೆಸರು ಇರಲಿಲ್ಲ. ನಮ್ಮ ಕಾಲೇಜಿನಲ್ಲಿ ಅವನಷ್ಟು ಚೆನ್ನಾಗಿ ಹೆಡ್ ಮಾಡುವವರು ಇನ್ನೊಬ್ಬರಿಲ್ಲ.

ಆ ದಿನ ಬಸ್ಸಿನಲ್ಲಿ ಅವನ ಪಕ್ಕ ಹೋಗಿ ಕೂತೆ. ಬೇಕಂತಲೇ ಕೈ ಹಾಕಿದೆ, ಮೊದಲೇ ಯೋಚಿಸಿ ಹಾಕಿದೆ ಎಂದು ಹೇಳಿದೆ. ಅವನು ಕಿಟಕಿಯಾಚೆ ನೋಡುತ್ತಲೇ ಹೇಳಿದ: "ಲೋ, ಅದು ನಂಗೆ ಅವತ್ತೇ ಗೊತ್ತು. ಪೆನಾಲ್ಟಿ ಹೊರಗೆ ಹೊಡೆದವನು ನಾನೇ, ಅದಕ್ಕೆ ನಿನ್ನ ಬೈಯೋದಿಲ್ಲ. ಆದ್ರೆ ನಾನು ಹೆಡ್ ಮಾಡಿದ್ದು ಒಬ್ಬರಿಗೂ ನೆನಪಿಲ್ಲ ನೋಡು."

ನಾನು ಕೊಡಬೇಕಾದ ಹರ್ಜಾನಾ ಏನೆಂದು ಆಗ ತಿಳಿಯಿತು. ಟ್ರೋಫಿ ವಾಪಸು ಕೊಡಲು ನನ್ನೊಬ್ಬನಿಂದ ಆಗದು, ಪಂದ್ಯ ಮತ್ತೆ ಆಡಿಸಲೂ ಆಗದು. ಆದರೆ ಲೆಕ್ಕವನ್ನು ಸರಿಯಾಗಿ ಬರೆಯಬಹುದು. ಆದ್ದರಿಂದ ಬರೆಯುತ್ತಿದ್ದೇನೆ. ಆ ಸಂಜೆ ಕೊನೆಯ ನಿಮಿಷದಲ್ಲಿ ವಿಜ್ಞಾನ ವಿಭಾಗದ ಸ್ಟ್ರೈಕರ್ ಒಂದು ಒಳ್ಳೆಯ ಗೋಲ್ ಹೊಡೆದಿದ್ದ. ನಮ್ಮ ಮೈದಾನದಲ್ಲಿ ನಾನು ನೋಡಿದ ಅತ್ಯುತ್ತಮ ಹೆಡರ್ ಅದು, ಗೆರೆಯ ಮೇಲೆ ನಿಂತು ಅತಿ ಹತ್ತಿರದಿಂದ ನೋಡಿದವನು ನಾನೇ. ಅದು 1-1. ಇನ್ನು ಮುಂದೆ ಅವನನ್ನು ಕಾಂಪೌಂಡ್ ಎಂದು ಕರೆಯುವವರು ಮೊದಲು ನನ್ನನ್ನು ಕರೆಯಲಿ.

ಅಚ್ಚಿಗೆ ಕೊಡುವ ಮೊದಲು ಇದನ್ನು ಅವನಿಗೆ ಓದಲು ಕೊಟ್ಟೆ. ಎಂದಿನಂತೆ ಕಾಗುಣಿತ ತಿದ್ದಿದ. ವಿಷಯದಲ್ಲಿ ಒಂದೇ ತಿದ್ದುಪಡಿ ಕೇಳಿದ: ಪೆನಾಲ್ಟಿ ನೇರವಾಗಿ ಕಾಂಪೌಂಡ್ ಆಚೆ ಹೋಗಲಿಲ್ಲವಂತೆ, ಮೇಲಿನ ಅಡ್ಡಪಟ್ಟಿಗೆ ಸವರಿಕೊಂಡು ಹೋಯಿತಂತೆ. ನನಗೆ ಹಾಗೆ ಕಾಣಲಿಲ್ಲ. ಆದರೂ ಅವನ ಮಾತನ್ನೇ ದಾಖಲಿಸಿದ್ದೇನೆ. ಆಯ್ಕೆಗೆ ಹೆಸರು ಕೊಡುತ್ತೀಯಾ ಎಂದು ಕೇಳಿದೆ. "ನೋಡೋಣ" ಎಂದ. ಹೆಸರು ಕೊಡಲು ಶನಿವಾರದವರೆಗೆ ಸಮಯವಿದೆ ಎಂದು ಪಿ.ಟಿ. ಸರ್ ಹೇಳಿದ್ದಾರೆ.

ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ